ಲಿಂಗನಮಕ್ಕಿ ತುಂಬದ ವರ್ಷ: 2023ರ ಬರ ಮತ್ತು ಕರೆಂಟ್ ಕಂಪನಿಯ ಮುಂದಿನ ದಾರಿ, ಒಂದು ಪ್ರಕರಣ ಅಧ್ಯಯನ

2023ರ ಆಗಸ್ಟು. 1901ರಿಂದ ಲೆಕ್ಕ ಇಡೋಕೆ ಶುರು ಮಾಡಿದ ಮೇಲೆ ದೇಶದಲ್ಲಿ ಇಷ್ಟು ಒಣಗಿದ ಆಗಸ್ಟ್ ಬಂದೇ ಇಲ್ಲ ಅಂತ ಹವಾಮಾನ ಇಲಾಖೆ ಹೇಳಿದ ತಿಂಗಳು ಅದು. ಮಲೆನಾಡಲ್ಲಿ ಆ ಹೊತ್ತಿಗೆ ನಟ್ಟಿ ಮುಗಿದಿರುತ್ತೆ, ಹೊಳೆ ಕೆಂಪಗೆ ಹರೀತಿರುತ್ತೆ, ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋಕೆ ಒಂದು ದಿನ ಹೊಳವಾದ್ರೆ ಸಾಕು ಅಂತ ಜನ ಕಾಯ್ತಿರ್ತಾರೆ. ಆ ವರ್ಷ ಮಳೆಗಾಲದ ಮಧ್ಯದಲ್ಲೇ ತೋಟದವರು ಪಂಪ್‌ಸೆಟ್ ಶೆಡ್ಡಿನ ಬೀಗ ತೆಗೆದು ಮೋಟಾರ್ ಓಡಿಸೋಕೆ ಶುರು ಮಾಡಿದ್ರು, ಬಯಲುಸೀಮೆ ಕಡೆಯಂತೂ ಕೇಳೋದೇ ಬೇಡ, ಕೊನೆಗೆ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಕರೆಂಟ್ ಕಂಪನಿ ಕಡೆಯಿಂದ ನೋಡಿದ್ರೆ ಒಂದೇ ಕಾರಣಕ್ಕೆ ಎರಡು ಕಡೆ ಪೆಟ್ಟು: ಮಳೆ ಇಲ್ಲ ಅಂತ ಶರಾವತಿಯ ಲಿಂಗನಮಕ್ಕಿ ಡ್ಯಾಮಿಗೆ ನೀರು ಬರ್ಲಿಲ್ಲ, ಅದೇ ಮಳೆ ಇಲ್ಲ ಅಂತ ಬೇಸಿಗೆಯಲ್ಲಿ ಬರಬೇಕಾದ ಲೋಡು ಮಳೆಗಾಲದಲ್ಲೇ ಬಂದು ಕೂತ್ಕೊಳ್ತು.

ನಾನು ಈ ಕ್ಷೇತ್ರದಲ್ಲೇ ಸರ್ವಿಸ್ ಮುಗಿಸಿದವನು. ಬರ ಕಳೆದ ಮೇಲೆ ಸಾಗರದಲ್ಲಿ ನಾವು ಒಂದಷ್ಟು ಜನ, ರಿಟೈರ್ಡ್ ಎಂಜಿನಿಯರುಗಳು, ತೋಟದವರು, ಒಬ್ಬರು ರೈಸ್ ಮಿಲ್ಲಿನವರು ಕೂತು ಈ ವರ್ಷವನ್ನೇ ಒಂದು ಕೇಸ್ ಅಂತ ಇಟ್ಕೊಂಡು ಬಿಡಿಸಿ ನೋಡಿದ್ವಿ, ಮುಂದಿನ ಹತ್ತು ವರ್ಷಕ್ಕೆ ನಮ್ಮಂಥ ಊರಿಗೆ ಕರೆಂಟ್ ಕೊಡೋ ಕಂಪನಿ, ಅಂದ್ರೆ ನಮ್ಮ ಮೆಸ್ಕಾಂ, ಹೇಗೆ ತಯಾರಾಗ್ಬೇಕು ಅನ್ನೋ ಪ್ರಶ್ನೆ ಇಟ್ಕೊಂಡು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಏನಾಯ್ತು ಅಂತ ನೋಡೋಣ. ರಾಜ್ಯದ ಒಟ್ಟು ಉತ್ಪಾದನಾ ಸಾಮರ್ಥ್ಯ ಆಗ್ಲೇ 30 ಸಾವಿರ ಮೆಗಾವ್ಯಾಟ್ ದಾಟಿತ್ತು, ಬೇಡಿಕೆ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಹಾಗಿದ್ರೂ ಕೊರತೆ ಬಂತು ಯಾಕಂದ್ರೆ ಆ 30 ಸಾವಿರದಲ್ಲಿ ದೊಡ್ಡ ಪಾಲು ಸೋಲಾರ್ ಮತ್ತೆ ಗಾಳಿ. ಪಾವಗಡದ 2050 ಮೆಗಾವ್ಯಾಟ್ ಪಾರ್ಕು ಮಧ್ಯಾಹ್ನ ಎಷ್ಟೇ ಚೆನ್ನಾಗಿ ಓಡಿದ್ರೂ ಸಂಜೆ ಏಳು ಗಂಟೆಗೆ ಸೊನ್ನೆ, ಗಾಳಿ ಮುಂಗಾರಿನ ಜೊತೆ ಬಂದು ಮುಂಗಾರಿನ ಜೊತೆ ಹೋಗುತ್ತೆ, ಹೈಡ್ರೋಗೆ ನೀರಿಲ್ಲ, ಉಳಿದದ್ದು ರಾಯಚೂರು, ಬಳ್ಳಾರಿ, ಯರಮರಸ್ ಥರ್ಮಲ್ಲು ಮತ್ತೆ ಹೊರಗಿಂದ ಕೊಳ್ಳೋದು. ಅಕ್ಟೋಬರ್‌ನಲ್ಲಿ ಐಪಿ ಸೆಟ್ಟಿಗೆ, ಅಂದ್ರೆ ಕೃಷಿ ಪಂಪ್‌ಸೆಟ್ಟಿಗೆ, 7 ತಾಸು ಕೊಡ್ತಿದ್ದ ತ್ರೀ ಫೇಸು 5 ತಾಸಿಗೆ ಇಳೀತು, ಆಮೇಲೆ ಗಲಾಟೆ ಆಗಿ ಮತ್ತೆ ಏರಿಸಿದ್ರು. ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಇಲ್ಲಿನ ಗ್ರಿಡ್ಡಿಗೇ ಕೊಡಬೇಕು ಅಂತ ಆದೇಶ ಮಾಡ್ತು. ಉತ್ತರ ಪ್ರದೇಶ ಮತ್ತೆ ಪಂಜಾಬಿನ ಜೊತೆ ಸ್ವಾಪ್ ಮಾಡ್ಕೊಂಡ್ರು, ನಮ್ಮಲ್ಲಿ ಮುಯ್ಯಾಳು ಅಂತ ಮಾಡ್ತೀವಲ್ಲ, ನಿಮ್ಮ ಕೊಯ್ಲಿಗೆ ನಾನು ಬರ್ತೀನಿ ನನ್ನ ಕೊಯ್ಲಿಗೆ ನೀವು ಬನ್ನಿ ಅಂತ, ಹಾಗೇ ಬೇಸಿಗೆಗೆ ಅವರಿಂದ ಕರೆಂಟ್ ತಗೊಂಡು ಮಳೆಗಾಲದಲ್ಲಿ ವಾಪಸ್ ಕೊಡೋದು. ಒಳ್ಳೆ ವ್ಯವಸ್ಥೆ ಅದು, ಯಾಕಂದ್ರೆ ಅವರಿಗೆ ಭತ್ತದ ನಾಟಿ, ಏಸಿ ಎಲ್ಲ ಸೇರಿ ಜೂನ್‌ನಿಂದ ಸೆಪ್ಟೆಂಬರ್ ಜಾಸ್ತಿ ಬೇಕು, ನಮಗೆ ಫೆಬ್ರವರಿಯಿಂದ ಮೇ. ನನ್ನ ತಕರಾರು ಇಷ್ಟೇ, ಇದು ಕೊರತೆ ಬಂದು ಬಾಗಿಲು ಬಡಿದ ಮೇಲೆ ಮಾಡೋ ಕೆಲಸ ಆಗಬಾರದಿತ್ತು.

ಶರಾವತಿ ನೀರಿನ ಬೆಲೆ ಎಷ್ಟು ಅಂತ ಒಂದು ಸಣ್ಣ ಲೆಕ್ಕ ಹೇಳ್ತೀನಿ. ಶರಾವತಿ ಪವರ್ ಹೌಸಲ್ಲಿ 103.5 ಮೆಗಾವ್ಯಾಟಿನ ಹತ್ತು ಟರ್ಬೈನ್ ಯೂನಿಟ್, ಒಟ್ಟು 1035 ಮೆಗಾವ್ಯಾಟ್. ಎಲ್ಲ ಟರ್ಬೈನೂ ಒಂದು ದಿನ ಪೂರ್ತಿ ಓಡಿದ್ರೆ ಸುಮಾರು 2.48 ಕೋಟಿ ಯೂನಿಟ್ ಕರೆಂಟು. ಅಷ್ಟನ್ನೇ ಕರೆಂಟ್ ಕೊಳ್ಳೋ ಮಾರೋ ಮಾರುಕಟ್ಟೆಯಾದ ಪವರ್ ಎಕ್ಸ್‌ಚೇಂಜಲ್ಲಿ 10 ರೂಪಾಯಿ ಸೀಲಿಂಗ್ ರೇಟಿಗೆ ಕೊಂಡ್ರೆ ದಿನಕ್ಕೆ ಹೆಚ್ಚುಕಡಿಮೆ 25 ಕೋಟಿ. ಆ 10 ರೂಪಾಯಿ ಅನ್ನೋದೂ ಕಾಯಂ ಅಲ್ಲ, 2021ರ ಅಕ್ಟೋಬರ್‌ನಲ್ಲಿ ಕಲ್ಲಿದ್ದಲು ಕೊರತೆ ಆದಾಗ ಎಕ್ಸ್‌ಚೇಂಜಲ್ಲಿ ರೇಟು 20ರ ತನಕ ಹೋಗಿತ್ತು, 2022ರ ಏಪ್ರಿಲಲ್ಲಿ 12ಕ್ಕೆ ಮಿತಿ ಹಾಕಿದ್ರು, 2023ರ ಏಪ್ರಿಲ್‌ನಿಂದ 10. ಶರಾವತಿ ಕರೆಂಟಿನ ಖರ್ಚು ಇದರ ಹತ್ತಿರಕ್ಕೂ ಬರಲ್ಲ. ಹಾಗಾಗಿ ಲಿಂಗನಮಕ್ಕಿಯಲ್ಲಿ ಪೂರ್ತಿ ತುಂಬಿದ ಮಟ್ಟವಾದ 1819 ಅಡಿಗೆ ಎಷ್ಟು ಅಡಿ ಕಮ್ಮಿ ಇದೆ ಅನ್ನೋದು ಮಂಗಳೂರಿನ ಹೋಟೆಲ್ಲಿನ ಬಿಲ್ಲಿಗೂ ಶಿವಮೊಗ್ಗದ ಫೌಂಡ್ರಿಯ ಬಿಲ್ಲಿಗೂ ಸಂಬಂಧ ಇರೋ ವಿಷಯ.

ಆ ಒಂದೇ ವರ್ಷ ಬೇರೆ ಏನೇನಾಯ್ತು ಅಂತಾನೂ ನೋಡಿ. ಮೇ ತಿಂಗಳಲ್ಲಿ ದರ ನಿಗದಿ ಮಾಡೋ ಆಯೋಗ ಕೆಇಆರ್‌ಸಿ ಸರಾಸರಿ ಯೂನಿಟ್ಟಿಗೆ 70 ಪೈಸೆ ಏರಿಸ್ತು, ಏಪ್ರಿಲ್‌ನಿಂದಲೇ ಪೂರ್ವಾನ್ವಯ. ಆಗಸ್ಟ್ ಬಿಲ್ಲಿಂದ ಗೃಹಜ್ಯೋತಿ ಬಂತು. ಅದಕ್ಕೂ ಮೊದಲು ಜನವರಿಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚೋ ತೀರ್ಮಾನ ಹೊರಬಿತ್ತು, ಆಮೇಲೆ ಸ್ವಲ್ಪ ಉತ್ಪಾದನೆ ಮತ್ತೆ ಶುರುವಾಯ್ತು. ಎಂಪಿಎಂ ಕಾಗದದ ಕಾರ್ಖಾನೆ ಅದಕ್ಕೆ ಎಷ್ಟೋ ವರ್ಷ ಮುಂಚೆನೇ ನಿಂತುಹೋಗಿತ್ತು. ಜೋಗದ ಕರೆಂಟು 1948ರಲ್ಲಿ ಬಂದಾಗ ಈ ಜಿಲ್ಲೆಯಲ್ಲಿ ಭದ್ರಾವತಿ ಬಿಟ್ಟು ಲೋಡ್ ಯೋಚನೆ ಮಾಡೋಕೇ ಆಗ್ತಿರ್ಲಿಲ್ಲ, ಇವತ್ತು ಭದ್ರಾವತಿ ಎಷ್ಟು ಕರೆಂಟ್ ತಗೊಳ್ಳುತ್ತೆ ಅಂತ ಮುಂದಿನ ಐದು ವರ್ಷಕ್ಕೆ ಯಾರೂ ಎದೆ ತಟ್ಟಿ ಹೇಳೋಕಾಗಲ್ಲ. ಇಷ್ಟೆಲ್ಲ ಅಲುಗಾಡೋ ಜಾಗದಲ್ಲಿ ಕಂಪನಿ ಪ್ಲಾನ್ ಹೇಗೆ ಮಾಡುತ್ತೆ ಅಂದ್ರೆ, ಕಳೆದ ಕೆಲವು ವರ್ಷದ ಮಾರಾಟ ತಗೊಂಡು, ವರ್ಗ ವರ್ಗಕ್ಕೆ ಇಷ್ಟು ಪರ್ಸೆಂಟ್ ಬೆಳವಣಿಗೆ ಅಂತ ಹಾಕಿ, ಮುಂದಿನ ವರ್ಷಕ್ಕೆ ಒಂದು ನಂಬರ್ ಬರೀತಾರೆ. ಒಂದೇ ನಂಬರ್. ಐಪಿ ಸೆಟ್ಟಿಗೆ ಮೀಟರ್ ಇಲ್ಲ, ಅದು ಅಂದಾಜು. ಅಡಿಕೆ ತೋಟದಲ್ಲಿ ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸೋದು, ಅದರಿಂದ ಟಿಸಿ (ಟ್ರಾನ್ಸ್‌ಫಾರ್ಮರ್) ಸುಡೋದು, ಇದ್ಯಾವುದೂ ಆ ನಂಬರಿನೊಳಗೆ ಕಾಣಲ್ಲ.

ಇಲ್ಲಿ ಹೊಸನಗರ ಕಡೆಯ ಒಬ್ಬ ಭಟ್ರ ವಿಷಯ ಹೇಳ್ಲೇಬೇಕು. ಬರದ ವರ್ಷ ದೀಪಾವಳಿ ಆಸುಪಾಸಲ್ಲಿ ಸೆಕ್ಷನ್ ಆಫೀಸಿಗೆ ಬಂದು ಜೆಇನ ಕೇಳಿದ್ರು, "ಸಾರ್, ಬೇಸಿಗೆಗೆ ಏಳು ತಾಸು ಕೊಡ್ತೀರೋ ಐದೋ, ಇಲ್ಲ ಅದೂ ಇಲ್ವೋ, ಒಂದು ಹೇಳಿಬಿಡಿ ಮಾರಾಯ್ರೆ." ಜೆಇ ಪಾಪ, "ನಂಗೇ ಗೊತ್ತಿಲ್ಲ ಭಟ್ರೇ, ಮೇಲಿಂದ ಏನು ಬರುತ್ತೋ ಅದು" ಅಂದ್ರು. ಭಟ್ರು ಸಿಟ್ಟಾಗ್ಲಿಲ್ಲ, ಹಾಗಾದ್ರೆ ಮೂರಕ್ಕೂ ತಯಾರಾಗ್ತೀನಿ ಅಂತ ಹೋದ್ರು. ಆ ವಾರವೇ ಹಳ್ಳಕ್ಕೆ ಕಟ್ಟ ಹಾಕಿಸಿದ್ರು, ಯಾಕಂದ್ರೆ ಕರೆಂಟ್ ಎಷ್ಟೇ ಬರ್ಲಿ ನೀರು ನಿಂತಿದ್ರೆ ಲುಕ್ಸಾನಿಲ್ಲ. ಡ್ರಿಪ್ಪು ಇಡೀ ತೋಟಕ್ಕೆ ಹಾಕಿಸದೆ ಸಸಿ ತೋಟಕ್ಕೆ ಮಾತ್ರ ಹಾಕಿಸಿದ್ರು, ಐದು ತಾಸು ಬಂದ್ರೂ ಸಾಕಾಗ್ಲಿ ಅಂತ. ಡೀಸೆಲ್ ಪಂಪ್ ಕೊಳ್ಳಲಿಲ್ಲ, ಸಂಕ್ರಾಂತಿ ಹೊತ್ತಿಗೆ ಕೆರೆ ನೀರು ಕೆಳಗಿನ ಮೆಟ್ಟಿಲು ಬಿಟ್ರೆ ಆಗ ಬಾಡಿಗೆಗೆ ತರ್ತೀನಿ ಅಂತ ಒಬ್ಬರ ಹತ್ರ ಮಾತಾಡಿಟ್ಟಿದ್ರು. ಕರೆಂಟ್ ಕಂಪನಿಗಳಿಗೆ ದೊಡ್ಡ ದೊಡ್ಡ ಸಲಹೆಗಾರರು ಕಲಿಸೋ ಸಿನಾರಿಯೋ ಪ್ಲಾನಿಂಗ್ ಅಂದ್ರೆ ಪೂರ್ತಿ ಇದೇ. ಏನಾಗುತ್ತೆ ಅಂತ ಒಂದನ್ನೇ ನಂಬಬೇಡಿ, ಆಗಬಹುದಾದ ಬೇರೆ ಬೇರೆ ಮೂರು ನಾಲ್ಕು ಕಾಲ ಬರ್ಕೊಳ್ಳಿ, ಎಲ್ಲದರಲ್ಲೂ ಉಪಯೋಗಕ್ಕೆ ಬರೋ ಕೆಲಸ ಇವತ್ತೇ ಮಾಡಿ, ಒಂದರಲ್ಲಿ ಮಾತ್ರ ಬೇಕಾಗೋ ದುಬಾರಿ ಕೆಲಸಕ್ಕೆ ಮಾತಾಡಿಟ್ಟು ಕಾಯಿರಿ, ಯಾವ ಗುರುತು ಕಂಡ್ರೆ ಹೊರಡಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಶೆಲ್ ಎಣ್ಣೆ ಕಂಪನಿ 1970ರ ದಶಕದ ಶುರುವಲ್ಲಿ ಈ ರೀತಿ ಯೋಚನೆ ಮಾಡಿದ್ದಕ್ಕೆ 1973ರ ಎಣ್ಣೆ ಬಿಕ್ಕಟ್ಟು ಬಂದಾಗ ಬೇರೆಯವರಷ್ಟು ಕಂಗಾಲಾಗಲಿಲ್ಲ. ಕರೆಂಟ್ ಕಂಪನಿಗಳಲ್ಲಿ ಕ್ಯಾಲಿಫೋರ್ನಿಯಾದ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ 1980ರ ದಶಕದಲ್ಲಿ ತನ್ನ ಒಂದೇ ಗೆರೆಯ ಅಂದಾಜುಗಳು ಮೇಲಿಂದ ಮೇಲೆ ತಪ್ಪಿದ್ದು ನೋಡಿ ಹನ್ನೆರಡು ಸಿನಾರಿಯೋ ಬರ್ಕೊಂಡು ಪ್ಲಾನ್ ಮಾಡೋಕೆ ಶುರು ಮಾಡ್ತು. ಮಾಡದಿದ್ದವರ ಕಥೆ ಬೇಕಂದ್ರೆ ಅದೇ ದೇಶದ ವಾಷಿಂಗ್ಟನ್ ರಾಜ್ಯ: ಬೇಡಿಕೆ ಹೀಗೇ ಏರ್ತಾನೇ ಹೋಗುತ್ತೆ ಅಂತ ನಂಬಿ ಐದು ಅಣು ಸ್ಥಾವರ ಒಟ್ಟಿಗೆ ಶುರು ಮಾಡಿದ್ರು, ಬೇಡಿಕೆ ಏರಲಿಲ್ಲ, ಒಂದೇ ಒಂದು ಮುಗೀತು, 1983ರಲ್ಲಿ 225 ಕೋಟಿ ಡಾಲರ್ ಬಾಂಡಿನ ಸಾಲ ಕಟ್ಟೋಕಾಗದೆ ಕೈ ಎತ್ತಿದ್ರು.

ಇನ್ನು ನಾವು ಬರೆದ ಕಾಲಗಳು. ಮೊದಲನೇದು 2023ರದ್ದೇ, ನೀರಿಲ್ಲದ ವರ್ಷ, ಅದೂ ಒಂದಲ್ಲ, ಎರಡು ವರ್ಷ ಸಾಲಾಗಿ ಬಂದ್ರೆ ಅಂತ ಇಟ್ಕೊಂಡ್ವಿ. ನೀರಿದ್ದೂ ಶರಾವತಿ ನಿಲ್ಲಬಹುದು ಅನ್ನೋದೂ ಇದರೊಳಗೇ ಬರುತ್ತೆ, 2016ರ ಫೆಬ್ರವರಿಯಲ್ಲಿ ಪವರ್ ಹೌಸಿಗೆ ಬೆಂಕಿ ಬಿದ್ದು ಎಲ್ಲ ಯೂನಿಟ್ಟೂ ನಿಂತದ್ದು ಜನ ಮರೆತಿರಬಹುದು, ಗ್ರಿಡ್ ನಡೆಸಿದವರು ಮರೆತಿಲ್ಲ.

ಎರಡನೇದು ಇದರ ಉಲ್ಟಾ. ಮಳೆ ಚೆನ್ನಾಗಿ ಆಗುತ್ತೆ, ಎಲ್ಲ ಕಡೆ ಸೋಲಾರ್ ತುಂಬುತ್ತೆ, ಕರೆಂಟು ಜಾಸ್ತಿ ಆಗಿ ಹಾಕೋಕೆ ಜಾಗ ಇಲ್ಲ. ಇದು ಕಲ್ಪನೆ ಅಂದ್ಕೋಬೇಡಿ, ಬರದ ಮರುವರ್ಷವೇ, 2024ರ ಆಗಸ್ಟ್ ಶುರುವಲ್ಲಿ, ಲಿಂಗನಮಕ್ಕಿ ಗೇಟ್ ತೆರೆದು ನೀರು ಬಿಟ್ರು. ಬರದಲ್ಲಿ ಹೆದರಿ ಯಾರಾದ್ರೂ 25 ವರ್ಷಕ್ಕೆ ಥರ್ಮಲ್ ಒಪ್ಪಂದಕ್ಕೆ ಸಹಿ ಹಾಕಿದ್ರೆ ಈ ಕಾಲದಲ್ಲಿ ಒಂದು ಯೂನಿಟ್ಟೂ ತಗೊಳ್ಳದೆ ಫಿಕ್ಸೆಡ್ ಚಾರ್ಜ್ ಕಟ್ತಾ ಕೂರಬೇಕು, ಅದು ಕೊನೆಗೆ ನಮ್ಮ ಬಿಲ್ಲಿಗೇ ಬರೋದು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎಕ್ಸ್‌ಚೇಂಜಲ್ಲಿ ದಿನವನ್ನ 15 ನಿಮಿಷದ 96 ಬ್ಲಾಕ್ ಮಾಡಿ ಮಾರ್ತಾರೆ, ಈಗಾಗ್ಲೇ ಕೆಲವು ದಿನ ಮಧ್ಯಾಹ್ನದ ಬ್ಲಾಕಲ್ಲಿ ರೇಟು ಒಂದೆರಡು ರೂಪಾಯಿಗೆ ಇಳಿದು ಅದೇ ದಿನ ಸಂಜೆ 10 ಮುಟ್ಟುತ್ತೆ. ಮುಂದೆ ವರ್ಷಕ್ಕೆ ಎಷ್ಟು ಕೋಟಿ ಯೂನಿಟ್ ಬೇಕು ಅನ್ನೋ ಲೆಕ್ಕಕ್ಕಿಂತ ಸಂಜೆ ಆರರಿಂದ ಹತ್ತಕ್ಕೆ ಎಷ್ಟು ಬೇಕು ಅನ್ನೋ ಲೆಕ್ಕವೇ ಮುಖ್ಯ ಆಗೋದು ಖಂಡಿತ, ಅದನ್ನ ಸೆಕ್ಷನ್ ಮಟ್ಟದಲ್ಲಿ ಯಾರೂ ಕೇಳ್ತಾನೇ ಇಲ್ಲ.

ತಳಕಳಲೆ ಮತ್ತೆ ಗೇರುಸೊಪ್ಪೆ ಮಧ್ಯೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾಡ್ಬೇಕು ಅಂತ ಹೊರಟಿರೋದು ಈ ಸಂಜೆಗೋಸ್ಕರವೇ. ಹಗಲು ಅಗ್ಗದ ಕರೆಂಟಲ್ಲಿ ಕೆಳಗಿನ ನೀರನ್ನ ಮೇಲಕ್ಕೆತ್ತಿ ಸಂಜೆ ಬಿಡೋದು, ಅದರಲ್ಲಿ ಸುಮಾರು ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕರೆಂಟು ಎತ್ತೋದ್ರಲ್ಲೇ ಹೋಗುತ್ತೆ. ನನಗೆ ಆ ಕಾಡಿನ ಬಗ್ಗೆ ಆತಂಕ ಇದೆ, ಅದು ಸಿಂಗಳೀಕದ ಅಭಯಾರಣ್ಯ, ಒಂದು ಸಲ ಮರದ ಮೇಲ್ಚಾವಣಿ ಕಡಿದುಹೋದ್ರೆ ಆ ಪ್ರಾಣಿ ನೆಲಕ್ಕಿಳಿದು ದಾಟೋದು ಅಪರೂಪ ಅಂತ ಈ ಕಡೆಯವರಿಗೆಲ್ಲ ಗೊತ್ತು. ಆದ್ರೆ ಈ ಕೇಸಿನ ಮಟ್ಟಿಗೆ ನಾವು ಹೇಳಿದ್ದು ಇಷ್ಟು: ಆ ಯೋಜನೆ ಬರುತ್ತೆ ಅಂತ ನಂಬಿ ಕೈ ಕಟ್ಟಿ ಕೂತ ಪ್ಲಾನೂ ತಪ್ಪು, ಬರೋದೇ ಇಲ್ಲ ಅಂತ ಕೂತದ್ದೂ ತಪ್ಪು. ಬಂದ್ರೂ ಬರದಿದ್ರೂ ಸಬ್‌ಸ್ಟೇಷನ್ನಲ್ಲಿ ಇಡೋ ಎರಡು ತಾಸು, ನಾಲ್ಕು ತಾಸಿನ ಬ್ಯಾಟರಿ ಕೆಲಸಕ್ಕೆ ಬರುತ್ತೆ, ಐಪಿ ಸೆಟ್ಟಿನ ಲೋಡನ್ನ ಹಗಲಿಗೆ ತರೋದು ಕೆಲಸಕ್ಕೆ ಬರುತ್ತೆ.

ಮೂರನೇ ಕಾಲ, ಗಿರಾಕಿ ಬಿಟ್ಟುಹೋಗೋದು. 2022ರ ಗ್ರೀನ್ ಓಪನ್ ಆಕ್ಸೆಸ್ ನಿಯಮದಲ್ಲಿ ಕನಿಷ್ಠ ಲೋಡಿನ ಮಿತಿ 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟಿಗೆ ಇಳೀತು, ಅಂದ್ರೆ ಫೌಂಡ್ರಿ ಮಾತ್ರ ಅಲ್ಲ, ದೊಡ್ಡ ರೈಸ್ ಮಿಲ್ಲು, ಆಸ್ಪತ್ರೆ, ಹೋಟೆಲ್ಲೂ ಹೊರಗಿಂದ ಸೋಲಾರ್ ಕರೆಂಟ್ ಕೊಳ್ಳಬಹುದು. ಮನೆಗಳಿಗೆ 2024ರಿಂದ ಪಿಎಂ ಸೂರ್ಯಘರ್, 3 ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋ ಮನೆಗೆ ಚಾವಣಿ ಮೇಲೆ ಪ್ಯಾನಲ್ ಹಾಕೋ ಅಗತ್ಯವೇ ಇಲ್ಲ, ಹಾಕ್ಸೋದು ಹೆಚ್ಚು ಬಿಲ್ ಕಟ್ಟೋ ಮನೆ, ಹೋಂಸ್ಟೇ, ಅಂಗಡಿ. ಅಂದ್ರೆ ಹೋಗೋವ್ರೆಲ್ಲ ದುಡ್ಡು ಕೊಡೋ ಗಿರಾಕಿಗಳೇ, ಅವರ ದುಡ್ಡಿಂದಲೇ ಉಳಿದವರ ರೇಟು ತಗ್ಗಿರೋದು. ಮಲೆನಾಡಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಿಸಿಲೇ ಇರಲ್ಲ, ಹಾಗಾಗಿ ಬಿಟ್ಟುಹೋದ ಗಿರಾಕಿ ಮಳೆಗಾಲಕ್ಕೆ ವಾಪಸ್ ಬರ್ತಾನೆ. ಎಂಟು ತಿಂಗಳು ಕೊಳ್ಳದವನಿಗೆ ನಾಲ್ಕು ತಿಂಗಳಿಗೋಸ್ಕರ ಪೂರ್ತಿ ಲೈನು, ಟಿಸಿ, ಲೈನ್‌ಮನ್ ಇಟ್ಟಿರಬೇಕು. ಫಿಕ್ಸೆಡ್ ಚಾರ್ಜ್ ಏರಿಸಿದ್ರೆ ಅವನು ಬ್ಯಾಟರಿ ಜನರೇಟರ್ ಇಟ್ಕೊಂಡು ಪೂರ್ತಿ ಕೈ ಬಿಡ್ತಾನೆ, ಏರಿಸದಿದ್ರೆ ಆ ಖರ್ಚು ಪಕ್ಕದ ಬಡವನ ಮೇಲೆ ಬೀಳುತ್ತೆ. ನಮ್ಮ ರೈಸ್ ಮಿಲ್ಲಿನವರು ನೇರವಾಗೇ ಹೇಳಿದ್ರು, "ನನಗೆ ಅಗ್ಗ ಬೇಡ, ಸೀಸನ್ನಲ್ಲಿ ಟ್ರಿಪ್ ಆಗಬಾರದು, ಅದನ್ನ ಕಂಪನಿ ಬರೆದುಕೊಟ್ರೆ ನಾನು ಎಲ್ಲೂ ಹೋಗಲ್ಲ." ಈ ಮಾತಿಗೆ ಬೆಲೆ ಕೊಡ್ಬೇಕು ಅಂತ ನನ್ನ ಅಭಿಪ್ರಾಯ.

ನಾಲ್ಕನೇದು ಲೈನಿನ ಕಥೆ, ಕರೆಂಟ್ ಇದೆ, ರೇಟೂ ಸರಿ ಇದೆ, ಮನೆಗೆ ಮುಟ್ಟೋದಿಲ್ಲ. ಆಗುಂಬೆ, ಹುಲಿಕಲ್ ಕಡೆಯ ಮಳೆಗೆ 11 ಕೆವಿ ಲೈನ್ ಮೇಲೆ ಮರ ಬಿದ್ರೆ ಕತ್ತಲಲ್ಲಿ ಲೈನ್ ಆಫ್ ಮಾಡಿಸೋ ಅನುಮತಿ, ಅಂದ್ರೆ ಎಲ್‌ಸಿ ತಗೊಂಡು ಹತ್ತೋ ಲೈನ್‌ಮನ್ನುಗಳ ಕಷ್ಟ ಬರೆದು ಮುಗಿಯಲ್ಲ. ಎಂಪಿಎಂಗೋಸ್ಕರ ನೆಟ್ಟ ಅಕೇಶಿಯಾ ಕಾರ್ಖಾನೆ ನಿಂತ ಮೇಲೂ ಲೈನ್ ಪಕ್ಕ ನಿಂತೇ ಇದೆ, ಬೇರು ಗಟ್ಟಿ ಇಲ್ಲ, ಗಾಳಿ ಬಂತೋ ಮೊದಲು ಬೀಳೋದು ಅದೇ.

ಆಮೇಲೆ ಪ್ರತಿ ತೀರ್ಮಾನವನ್ನೂ ಈ ನಾಲ್ಕರಲ್ಲೂ ಹಾಕಿ ನೋಡಿದ್ವಿ. ತೋಟದ ಮಧ್ಯೆ ಹೋಗೋ ಲೈನಿಗೆ ಹೊದಿಕೆ ತಂತಿ ಅಥವಾ ಕೇಬಲ್ ಹಾಕೋದು ನಾಲ್ಕರಲ್ಲೂ ಸರಿ, ನೀರಿಲ್ಲದ ವರ್ಷ ಬರೋ ಲೋಡಿಗೂ ಗಿರಾಕಿ ಉಳಿಸಿಕೊಳ್ಳೋಕೂ. ಪ್ರತಿ ಟಿಸಿಗೆ ಮೀಟರ್ ಹಾಕೋದು ನಾಲ್ಕರಲ್ಲೂ ಸರಿ, ಯಾಕಂದ್ರೆ ಗೊತ್ತಿಲ್ಲದ ಲೋಡಿಗೆ ಯಾರೂ ತಯಾರಾಗೋಕಾಗಲ್ಲ. ಕುಸುಮ್ ಅನ್ನೋ ರೈತರ ಸೋಲಾರ್ ಯೋಜನೆಯಲ್ಲಿ ಫೀಡರ್ ಪಕ್ಕದಲ್ಲೇ ಸೋಲಾರ್ ಹಾಕೋದು ಮೂರರಲ್ಲಿ ಸರಿ, ಕರೆಂಟು ಉಕ್ಕಿ ಹರಿಯೋ ಕಾಲದಲ್ಲಿ ಅಷ್ಟು ಲಾಭ ಇಲ್ಲ, ಹಾಗಾಗಿ ಪಂಪ್‌ಸೆಟ್ ಹೆಚ್ಚಿರೋ ಶಿಕಾರಿಪುರ, ಸೊರಬ ಕಡೆ ಮೊದಲು, ತೀರ್ಥಹಳ್ಳಿಯಲ್ಲಿ ಆಮೇಲೆ. 25 ವರ್ಷದ ಹೊಸ ಥರ್ಮಲ್ ಒಪ್ಪಂದ ಒಂದರಲ್ಲಿ ಮಾತ್ರ ಸರಿ. ಸ್ವಾಪ್ ಒಪ್ಪಂದ ಮೂರರಲ್ಲಿ ಸರಿ, ಆದ್ರೆ ಮೇ ತಿಂಗಳಲ್ಲೇ ಮಾತಾಗ್ಬೇಕು, ಮಳೆ ಹೇಗಾಗುತ್ತೆ ಅಂತ ಇಬ್ಬರಿಗೂ ಗೊತ್ತಿಲ್ಲದಾಗ ಷರತ್ತು ಸಮವಾಗಿರುತ್ತೆ, ಅಕ್ಟೋಬರ್‌ನಲ್ಲಿ ಕೈ ಚಾಚಿಕೊಂಡು ಹೋದ್ರೆ ಅವರು ಹೇಳಿದ್ದೇ ಷರತ್ತು.

ಗುರುತುಗಳನ್ನೂ ಬರೆದಿಟ್ವಿ. ಜುಲೈ ಕೊನೆಯಲ್ಲಿ ಲಿಂಗನಮಕ್ಕಿ ಮಟ್ಟ ಕಳೆದ ಹತ್ತು ವರ್ಷದ ಅದೇ ದಿನದ ಸರಾಸರಿಗಿಂತ ಎಷ್ಟು ಕೆಳಗಿದೆ, ಆಗಸ್ಟಲ್ಲಿ ಪಂಪ್‌ಸೆಟ್ ಫೀಡರಿನ ಲೋಡು ಏರ್ತಿದೆಯಾ, ಎಕ್ಸ್‌ಚೇಂಜಲ್ಲಿ ಮಧ್ಯಾಹ್ನಕ್ಕೂ ಸಂಜೆಗೂ ಅಂತರ ಎಷ್ಟು, ಕಾರ್ಖಾನೆಯಂಥ ದೊಡ್ಡ ಲೋಡಿನ ಎಚ್‌ಟಿ ಗಿರಾಕಿಗಳ ಯೂನಿಟ್ ಎರಡು ತ್ರೈಮಾಸಿಕ ಸಾಲಾಗಿ ಇಳಿದಿದೆಯಾ. ಮೊದಲೆರಡು ಗುರುತು 2023ರಲ್ಲಿ ಆಗಸ್ಟ್ ಮುಗಿಯೋದ್ರೊಳಗೇ ಕಂಡಿತ್ತು, ತೀರ್ಮಾನ ಅಕ್ಟೋಬರ್‌ನಲ್ಲಿ ಆಯ್ತು.

ಒಂದು ಅಡ್ಡಿ ಹೇಳ್ದೆ ಇರೋಕಾಗಲ್ಲ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ಈ ನಾಲ್ಕು ಜಿಲ್ಲೆಗೆ ಮೆಸ್ಕಾಂ ಇದ್ರೂ ಕರೆಂಟ್ ಕೊಳ್ಳೋ ಕೆಲಸ ರಾಜ್ಯಮಟ್ಟದಲ್ಲಿ ಸರ್ಕಾರದ ಖರೀದಿ ಕಂಪನಿ ಪಿಸಿಕೆಎಲ್ ಮೂಲಕ ಆಗುತ್ತೆ, ಯಾವ ಕಂಪನಿಗೆ ಯಾವ ಸ್ಥಾವರದ ಪಾಲು ಎಷ್ಟು ಅಂತ ಸರ್ಕಾರ ಹಂಚುತ್ತೆ. ಹಾಗಾಗಿ ಖರೀದಿ ನಮ್ಮ ಕೈಲಿಲ್ಲ ಅಂತ ಹೇಳೋದು ಸುಲಭ. ಆದ್ರೆ ಲೈನು, ಮೀಟರು, ಹಗಲಿನ ಲೋಡು, ಗಿರಾಕಿ ಜೊತೆ ಮಾಡೋ ಒಪ್ಪಂದ ಇಷ್ಟೂ ಕಂಪನಿ ಕೈಲೇ ಇದೆ, ಮತ್ತೆ ಕೇಂದ್ರ ಸರ್ಕಾರ 2023ರ ಜೂನಲ್ಲಿ ತಂದ ರಿಸೋರ್ಸ್ ಅಡಿಕ್ವಸಿ (ಬೇಡಿಕೆಗೆ ಸಾಕಾಗೋಷ್ಟು ಕರೆಂಟ್ ಮೊದಲೇ ಹೊಂದಿಸಿಡೋ) ಮಾರ್ಗಸೂಚಿ ಪ್ರಕಾರ ಪ್ರತಿ ವಿತರಣಾ ಕಂಪನಿ ಮುಂದಿನ ಹತ್ತು ವರ್ಷದ ಪ್ಲಾನ್ ಮಾಡ್ಬೇಕು. ಆ ಪ್ಲಾನಲ್ಲಿ ಒಂದೇ ಗೆರೆ ಇದೆಯೋ ನಾಲ್ಕು ಗೆರೆ ಇದೆಯೋ ಅನ್ನೋದೇ ನನ್ನ ಪ್ರಶ್ನೆ.

ದರ ಪರಿಷ್ಕರಣೆ ಅರ್ಜಿ ಬಂದಾಗ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ಮಾಡುತ್ತೆ, ಯಾರು ಬೇಕಾದ್ರೂ ಲಿಖಿತ ಆಕ್ಷೇಪಣೆ ಕೊಡಬಹುದು, ಹೋಗಿ ಮಾತಾಡಬಹುದು. ಹೆಚ್ಚಿನವರು ಎಷ್ಟು ಪೈಸೆ ಏರ್ತು ಅಂತ ಮಾತ್ರ ಕೇಳಿ ವಾಪಸ್ ಬರ್ತಾರೆ. ಈ ಸಲ ನಾವು ಸಾಗರದವರು ಕೊಡೋ ಆಕ್ಷೇಪಣೆಯಲ್ಲಿ ಮೂರು ಪ್ರಶ್ನೆ ಬರೆದಿದೀವಿ: ಜುಲೈ 31ಕ್ಕೆ ಲಿಂಗನಮಕ್ಕಿ ಅರ್ಧವೂ ತುಂಬದಿದ್ರೆ ಆಗಸ್ಟ್ 1ರಿಂದ ಏನು ಮಾಡ್ತೀರಿ, ಎಚ್‌ಟಿ ಮಾರಾಟದಲ್ಲಿ ಐದನೇ ಒಂದು ಭಾಗ ಹೋದ್ರೆ ಮನೆಬಳಕೆ ದರ ಎಷ್ಟಾಗುತ್ತೆ, ಸಂಜೆ ನಾಲ್ಕು ತಾಸಿಗೆ ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಮೆಗಾವ್ಯಾಟ್ ಕೊರತೆ ಅಂತ ಲೆಕ್ಕ ಹಾಕಿದೀರಿ.